ಉಸ್ತಾ ಐವಜ್‌ರ ಎರಡನೆಯ ಕಣ್ಣು

ತಬ್ರೀಜಿನ ಹಲ್ಲುಚಕ್ರದ ಗಲ್ಲಿಯಲ್ಲಿ ನನಗೆ ಗಣಿತ ಗೊತ್ತು ಎಂಬ ಹೆಸರು ಬಂದದ್ದು ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಗಣಿತ ಓದಿ ಬಿಟ್ಟಿದ್ದರಿಂದ. ಓದಿದ್ದು ಎಲ್ಲರಿಗೂ ನೆನಪಿತ್ತು, ಬಿಟ್ಟದ್ದು ಯಾರಿಗೂ ನೆನಪಿರಲಿಲ್ಲ. ನಾನೂ ನೆನಪಿಸುವ ಗೋಜಿಗೆ ಹೋಗಲಿಲ್ಲ. ಹಾಜಿ ಸಮದ್ ಅವರ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು ಆ ಹೆಸರಿನಿಂದಲೇ. ತಿಂಗಳ ಸಂಬಳ, ಮಧ್ಯಾಹ್ನದ ಊಟ, ಚಳಿಗಾಲದಲ್ಲಿ ಒಲೆಯ ಪಕ್ಕದ ಕುರ್ಚಿ. ಮೂರರಲ್ಲಿ ಕುರ್ಚಿಯೊಂದನ್ನು ಮಾತ್ರ ನಾನು ನ್ಯಾಯವಾಗಿ ಸಂಪಾದಿಸಿದ್ದೆ, ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದೆ.

ಇಲ್ಲಿ ಹೇಳಹೊರಟಿರುವುದು ನನ್ನ ವಿಷಯವಲ್ಲ, ಉಸ್ತಾ ಐವಜ್ ಅವರ ವಿಷಯ. ಉಸ್ತಾ ಎಂದರೆ ಕೈಕೆಲಸದ ಗುರು; ಗಲ್ಲಿಯಲ್ಲಿ ಲೋಹದ ಚಕ್ರಕ್ಕೆ ಹಲ್ಲು ಕೊಯ್ಯುವವರಲ್ಲಿ ಅವರೇ ಹಿರಿಯರು. ಅರವತ್ತೆಂಟು ವರ್ಷದ ಬಾಳಿನಲ್ಲಿ, ದೊಡ್ಡವರಾದ ಮೇಲೆ, ನಾಲ್ಕು ಜನರ ಮುಂದೆ ನಿಂತು ‘ನನ್ನ ಲೆಕ್ಕ ತಪ್ಪು’ ಎಂದು ಹೇಳಬೇಕಾದದ್ದು ಒಂದೇ ಸಲ. ಹಾಗಾದದ್ದು ನನ್ನಿಂದ. ಆದ್ದರಿಂದ ನಡುನಡುವೆ ನಾನು ಬರುತ್ತೇನೆ, ಬಾರದೆ ಇದ್ದರೆ ಚೆನ್ನಾಗಿತ್ತು.

ಉಸ್ತಾ ಐದನೆಯ ತರಗತಿ ಮುಗಿಸಿ ಸಹಂದ್ ಬೆಟ್ಟದ ತಪ್ಪಲಿನ ಹಳ್ಳಿಯಿಂದ ಈ ಗಲ್ಲಿಗೆ ಬಂದವರು. ಆಗ ಅವರಿಗೆ ಹನ್ನೊಂದು. ಅವರ ಗುರು ಉಸ್ತಾ ಬಾಗಿರ್ ಮಾತಿಗಿಂತ ಹೆಚ್ಚು ಸುತ್ತಿಗೆಯ ಹಿಡಿಯಿಂದ ಕಲಿಸುತ್ತಿದ್ದರಂತೆ. ಹದಿನಾರನೆಯ ವಯಸ್ಸಿಗೆ ಐವಜ್ ಒಬ್ಬರೇ ಯಂತ್ರದ ಮೇಲೆ ನಿಲ್ಲುವಂತಾದರು. ಆ ವರ್ಷವೇ ನೂಲಿನ ಗಿರಣಿಯೊಂದರಿಂದ ಒಡೆದ ಚಕ್ರ ಬಂತು. ಐವತ್ತೊಂಬತ್ತು ಹಲ್ಲು.

ಹಲ್ಲು ಕೊಯ್ಯುವಾಗ ಚಕ್ರದ ಸುತ್ತನ್ನು ಸಮಪಾಲು ಮಾಡಲು ತೂತಿನ ತಟ್ಟೆಗಳಿರುತ್ತವೆ. ತೂತಿಂದ ತೂತಿಗೆ ಲೆಕ್ಕ ಹಾಕಿ ತಿರುಗಿಸುವುದು, ಒಂದು ಹಲ್ಲು ಕೊಯ್ಯುವುದು, ಮತ್ತೆ ತಿರುಗಿಸುವುದು. ಹಿಡಿ ನಲವತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಅರವತ್ತು ಹಲ್ಲಾದರೆ ಸಲೀಸು, ಹಲ್ಲಿಗೆ ಮೂರರಲ್ಲಿ ಎರಡು ಪಾಲು ಸುತ್ತು, ಮೂರರಿಂದ ಭಾಗವಾಗುವ ತೂತಿನ ತಟ್ಟೆ ಯಾವುದಾದರೂ ಆದೀತು. ಐವತ್ತೊಂಬತ್ತಕ್ಕೆ ಐವತ್ತೊಂಬತ್ತು ತೂತಿನದೇ ಬೇಕು, ಯಾಕೆಂದರೆ ಆ ಸಂಖ್ಯೆಯನ್ನು ಯಾವುದರಿಂದಲೂ ಒಡೆಯಲಾಗುವುದಿಲ್ಲ. ಆ ತಟ್ಟೆಯನ್ನು ಪಕ್ಕದ ಅಂಗಡಿಯವರು ಒಯ್ದಿದ್ದರು. ಐವಜ್ ಯೋಚಿಸಿದರು: ಒಂದು ಹಲ್ಲು ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಅರವತ್ತು ಕೊಯ್ದು ಕಳಿಸಿದರು. ಗಿರಣಿಯಲ್ಲಿ ಎರಡು ದಿನ ನೂಲು ತುಂಡಾಗುತ್ತಲೇ ಇತ್ತು. ಮೂರನೆಯ ದಿನ ಚಕ್ರ ವಾಪಸು ಬಂತು. ಉಸ್ತಾ ಬಾಗಿರ್ ಅದನ್ನು ತಂತಿಯಲ್ಲಿ ಕಟ್ಟಿ ಐವಜ್‌ರ ಕೊರಳಿಗೆ ಹಾಕಿಸಿ, ವಾರವಿಡೀ ಹಾಗೆಯೇ ಕೆಲಸ ಮಾಡಿಸಿದರು. ರೊಟ್ಟಿ ತರಲು ಬೀದಿಗೆ ಹೋಗುವಾಗಲೂ ಹಾಗೆಯೇ.

ಅದಾದ ಮೇಲೆ ನಮ್ಮ ಕಾರ್ಖಾನೆಯಲ್ಲಿ ಒಂದು ರೂಢಿ ಬಂತು, ಇವತ್ತಿಗೂ ಇದೆ. ಮೊದಲ ಹಲ್ಲು ಕೊಯ್ಯುವ ಮುಂಚೆ ಇನ್ನೊಬ್ಬ ಬಂದು ತೂತುಗಳನ್ನು ಬಾಯಿಬಿಟ್ಟು ಎಣಿಸಬೇಕು. ಎಣಿಸಿ, ಲೋಹದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಅವನನ್ನು ಎರಡನೆಯ ಕಣ್ಣು ಅನ್ನುತ್ತೇವೆ. ಎರಡನೆಯ ಕಣ್ಣಿನ ಗುರುತಿಲ್ಲದೆ ಹಾಜಿ ಸಮದ್ ಬಂದು ನಿಂತರೂ ಉಸ್ತಾ ಯಂತ್ರ ಚಾಲೂ ಮಾಡುವುದಿಲ್ಲ.

ಒಡೆಯದ ಸಂಖ್ಯೆಗಳಿಗೆ ಉಸ್ತಾ ಇಟ್ಟ ಹೆಸರು ಹಠಮಾರಿಗಳು. ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ ಎಂದು ನಾನು ಹೇಳಿದಾಗ, “ಪುಸ್ತಕದವರು ಅವುಗಳ ಜೊತೆ ಏಗಿಲ್ಲ, ಅದಕ್ಕೆ ಮರ್ಯಾದೆಯಿಂದ ಕರೀತಾರೆ” ಅಂದರು. ಹೆಂಡತಿ ತೀರಿಕೊಂಡ ವರ್ಷ, ಮಗಳು ಸೋಲ್ಮಾಜ್ ಮದುವೆಯಾಗಿ ಹೋದ ಮೇಲೆ, ಹಠಮಾರಿಗಳ ಸರಪಳಿಯೊಂದನ್ನು ಕಟ್ಟತೊಡಗಿದರು. ನಿಯಮ ಇಷ್ಟೇ. ಎರಡರಿಂದ ಶುರು. ಎರಡರಿಂದ ಭಾಗಿಸಿದರೆ ಒಂದು ಉಳಿಯುವ ಮೊದಲ ಹಠಮಾರಿ ಮೂರು. ಇನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯಬೇಕು: ನಾಲ್ಕು ಒಡೆಯುತ್ತದೆ, ಏಳು ಒಡೆಯುವುದಿಲ್ಲ. ಈಗ ಏಳರ ಹೆಜ್ಜೆ ಹಾಕು. ಎಂಟು, ಹದಿನೈದು, ಇಪ್ಪತ್ತೆರಡು ಮೂರೂ ಒಡೆಯುತ್ತವೆ, ಇಪ್ಪತ್ತೊಂಬತ್ತು ನಿಲ್ಲುತ್ತದೆ. ಇಪ್ಪತ್ತೊಂಬತ್ತರ ಹೆಜ್ಜೆಯಲ್ಲಿ ಮೂವತ್ತು ದಾಟಿದರೆ ಐವತ್ತೊಂಬತ್ತು.

ಅಲ್ಲಿಗೆ ಬಂದಾಗ ಉಸ್ತಾ ಪೆನ್ಸಿಲ್ ಕೆಳಗಿಟ್ಟು ಒಂದು ಸಿಗರೇಟು ಸೇದಿದರಂತೆ. ಐವತ್ತು ವರ್ಷದ ಹಿಂದೆ ಕೊರಳಿಗೆ ನೇತುಬಿದ್ದ ಚಕ್ರ ತಾನಾಗಿ ಎದುರಿಗೆ ಬಂದು ಕೂತಿತ್ತು. ಅವತ್ತಿನಿಂದ ಸರಪಳಿ ಬಿಡಲಿಲ್ಲ. ಐವತ್ತೊಂಬತ್ತರ ಮುಂದಿನ ಕೊಂಡಿ 709. ಅದರ ಮುಂದಿನದು 2837. ಪ್ರತಿ ಕೊಂಡಿಗೂ ಮುಂದಿನದೊಂದು ಇದ್ದೇ ಇದೆ, ದಾರಿ ಎಂದೂ ಮುಗಿಯುವುದಿಲ್ಲ ಎಂದು ಗಣಿತಪ್ರಿಯರು ಸೇರುವ ಊರಿನ ಗಣಿತ ಮನೆಯ ಮೇಡಂ, ಫರಂಗೀಸ್ ಖಾನುಮ್, ಉಸ್ತಾರಿಗೆ ಹೇಳಿದ್ದರು. ಎಷ್ಟು ದೂರದಲ್ಲಿ ಇದೆ ಎನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಲಾರರು.

ಮೊದಲ ವಾರವೇ ನಾನು ಜಾಣತನ ತೋರಿಸಿದೆ. “ಉಸ್ತಾ, ಇದನ್ನೆಲ್ಲ ಫೋನು ಕಣ್ಮುಚ್ಚಿ ತೆಗೆಯೋದ್ರೊಳಗೆ ಹೇಳುತ್ತೆ.”

“ಐನಾಲಿ ಗುಡ್ಡಕ್ಕೆ ತಂತಿಗಾಡಿ ಇದೆ ತಾನೆ?”

“ಇದೆ.”

“ಶುಕ್ರವಾರ ನಿಮ್ಮಪ್ಪ ಹೆಂಗೆ ಹತ್ತುತ್ತಾನೆ?”

“ನಡಕೊಂಡು.”

“ಅವನನ್ನೂ ಹಿಂಗೇ ಕೇಳ್ತೀಯಾ?”

ಅಲ್ಲಿಗೆ ಫೋನಿನ ಮಾತು ಮುಗಿಯಿತು.

ಅವರ ಪದ್ಧತಿ ಒಂದು ಚಹಾಕ್ಕೆ ಒಂದು ಭಾಗಾಕಾರ. ಬೆಳಗ್ಗೆ ಹತ್ತು ಗಂಟೆಗೆ ಚಹಾ ಬರುತ್ತದೆ. ಸಕ್ಕರೆಯ ಗಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಣ್ಣೆ ಕೈ ಒರೆಸಿಕೊಂಡು, ಹಾಳೆಯಲ್ಲಿ ಒಂದು ಸಾಲು. ಒಂದು ಸಂಖ್ಯೆ ಹಠಮಾರಿಯೇ ಎಂದು ತಿಳಿಯಲು ಅದನ್ನು ಚಿಕ್ಕ ಹಠಮಾರಿಗಳಿಂದ, ತನ್ನಿಂದಲೇ ಗುಣಿಸಿದರೆ ಆ ಸಂಖ್ಯೆಯನ್ನು ಮೀರುವ ಹಠಮಾರಿ ಬರುವವರೆಗೆ, ಒಂದೊಂದಾಗಿ ಭಾಗಿಸುತ್ತ ಹೋಗಬೇಕು. ಯಾವುದರಿಂದಾದರೂ ಶೇಷ ಉಳಿಯದೆ ಭಾಗವಾದರೆ ಅದು ಬಿತ್ತು. ಕೊನೆಯವರೆಗೆ ಎಲ್ಲದರಲ್ಲೂ ಶೇಷ ಉಳಿದರೆ ಅದು ಗೆದ್ದಿತು. ಭಾಗಿಸುವುದು ಉಸ್ತಾರ ಕೆಲಸ. ತಿರುಗಿ ಗುಣಿಸಿ, ಶೇಷ ಕೂಡಿಸಿ, ಮೂಲ ಸಂಖ್ಯೆ ಬರುತ್ತದೆಯೋ ನೋಡುವುದು ಎರಡನೆಯ ಕಣ್ಣಿನ ಕೆಲಸ. ಆ ಕಣ್ಣು ನಾನು. ಗಣಿತ ಓದಿದವನು.

“ನೋಡೋ ಆಯ್ದಿನ್,” ಅಂದಿದ್ದರು ಮೊದಲ ದಿನ. “ಚಕ್ರದಲ್ಲಿ ತಪ್ಪಾದ್ರೆ ಒಂದು ಚಕ್ರ ಹಾಳು. ಇದ್ರಲ್ಲಿ ಒಂದು ಕೊಂಡಿ ತಪ್ಪಿದ್ರೆ ಅದರ ಮುಂದಿಂದೆಲ್ಲ ತಪ್ಪು. ತಿಳೀತಾ?”

“ತಿಳೀತು ಉಸ್ತಾ. ನನ್ನ ಕಣ್ಣು ನಿಮ್ಮ ಕಣ್ಣು ಬೇರೆನಾ?”

ಈ ಊರಿನಲ್ಲಿ ಇಂಥ ಮಾತು ಬಾಯಿಂದ ತಾನಾಗಿ ಬರುತ್ತದೆ. ನಿಮ್ಮ ಕೈ ನೋಯದಿರಲಿ, ನಿಮ್ಮ ನೆರಳು ಕುಗ್ಗದಿರಲಿ, ನಾನು ನಿಮ್ಮ ಕಾಲಿನ ಧೂಳು. ಅಂಗಡಿಯವನು ಸಾಮಾನು ಕೊಟ್ಟು ದುಡ್ಡು ಬೇಡ ಅನ್ನುತ್ತಾನೆ, ನಾವು ಕೊಟ್ಟೇ ಬರುತ್ತೇವೆ. ಆ ಮಾತುಗಳನ್ನು ಯಾರೂ ತೂಗಿ ನೋಡುವುದಿಲ್ಲ. ಕಾರ್ಖಾನೆಯ ಒಳಗೆ, ಯಂತ್ರದ ಮುಂದೆ ಮಾತ್ರ ಅವಕ್ಕೆ ಜಾಗ ಇಲ್ಲ. ಅದು ನನಗೆ ಗೊತ್ತಿತ್ತು.

ಶರತ್ಕಾಲದ ಒಂದು ಗುರುವಾರ. ಗುರುವಾರ ಅರ್ಧ ದಿನ ಕೆಲಸ, ಶುಕ್ರವಾರ ರಜೆ. ಅವತ್ತು ಮಧ್ಯಾಹ್ನ ಊರಿನ ತಂಡದ ಫುಟ್‌ಬಾಲ್ ಪಂದ್ಯ. ಒಂದು ಗಂಟೆಗೆ ಬಸ್ಸು ತುಂಬಿ ಹೋಗುತ್ತದೆ, ಆಮೇಲೆ ಹೋದವರಿಗೆ ಕಂಬದ ಹಿಂದಿನ ಜಾಗ. ಹನ್ನೆರಡೂವರೆಗೆ ಉಸ್ತಾ ನನ್ನ ಮೇಜಿನ ಮೇಲೆ ಹಾಳೆ ಇಟ್ಟರು. 2837ರ ಮುಂದಿನ ಕೊಂಡಿ. ಸಮಸಂಖ್ಯೆಗಳನ್ನು ಬಿಟ್ಟರೆ, 5675 ಐದರಿಂದ ಬಿದ್ದಿತ್ತು, 11349 ಮೂರರಿಂದ ಬಿದ್ದಿತ್ತು. ಮೂರನೆಯ ಅಭ್ಯರ್ಥಿ 17023. ಎರಡು, ಮೂರು, ಐದು ನೋಡಿದರೇ ತಿಳಿಯುತ್ತವೆ; ಏಳರಿಂದ ಹಿಡಿದು 127ರವರೆಗೆ ಇಪ್ಪತ್ತೆಂಟು ಭಾಗಾಕಾರ, ಇಪ್ಪತ್ತೆಂಟು ಚಹಾ. ಒಂದರಲ್ಲೂ ಬಿದ್ದಿರಲಿಲ್ಲ.

“ಸಿಕ್ತು ಅನ್ಸುತ್ತೆ,” ಅಂದರು. ಧ್ವನಿಯಲ್ಲಿ ಏನೂ ತೋರಿಸಲಿಲ್ಲ, ಆದರೆ ಹೋಗದೆ ಅಲ್ಲೇ ನಿಂತರು. “ನೀನು ನೋಡಿದ್ರೆ ಬರ್ಕೋತೀನಿ.”

ಏಳರ ಸಾಲು ಗುಣಿಸಿದೆ, ಸರಿ. ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು. ಆರೂ ಸರಿ. ಅಷ್ಟರಲ್ಲಿ ಲೇತ್ ಯಂತ್ರದಲ್ಲಿ ಕೆಲಸ ಮಾಡುವ ಯಾವರ್ ಬಾಗಿಲಲ್ಲಿ ಇಣುಕಿದ.

“ಬರ್ತೀಯೋ, ಇಲ್ಲೇ ಮದುವೆ ಆಗ್ತೀಯೋ?”

ಉಳಿದದ್ದು ಇಪ್ಪತ್ತೆರಡು ಸಾಲು. ನನ್ನ ಕೈ ನನ್ನನ್ನು ಕೇಳದೆ ಗುರುತು ಹಾಕುತ್ತ ಹೋಯಿತು ಎಂದು ಬರೆಯಲು ಆಸೆ. ಕೇಳಿಯೇ ಹಾಕಿತು. ಸಂಶಯ ಬಾರದಿರಲಿ ಎಂದು ನಡುನಡುವೆ ತುಟಿ ಅಲ್ಲಾಡಿಸಿದೆ, ಎರಡು ಕಡೆ ತಡೆದು ಹುಬ್ಬು ಗಂಟಿಕ್ಕಿದೆ. ಕೊನೆಗೆ ಎದ್ದು ನಿಂತು ಎರಡೂ ಕೈಯಲ್ಲಿ ಹಾಳೆ ಕೊಟ್ಟೆ.

“ಕೈಗೆ ನೋವಾಗದಿರಲಿ ಉಸ್ತಾ. ಒಂದೂ ತಪ್ಪಿಲ್ಲ.”

ಉಸ್ತಾ ಹಾಳೆಯ ಅಡಿಯಲ್ಲಿ ತಮ್ಮ ಹೆಸರು ಬರೆದು, ಪಕ್ಕದಲ್ಲಿ ನನ್ನ ಹೆಸರನ್ನೂ ಬರೆಯಹೋದರು. ಬೇಡ ಉಸ್ತಾ ಅಂದೆ. ನನ್ನದೇನಿದೆ ಅಂದೆ. ನಾಚಿಕೆ ಆಗುತ್ತೆ ಅಂದೆ. ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಒಪ್ಪಿದೆ. ಉಪಚಾರದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಪಂದ್ಯದಲ್ಲಿ ನಮ್ಮವರು ಸೋತರು, ಅದೂ ಕಂಬದ ಹಿಂದಿನಿಂದ ನೋಡಿದ್ದು.

ಚಳಿಗಾಲವೆಲ್ಲ ಉಸ್ತಾ 17023ರ ಹೆಜ್ಜೆ ಹಾಕಿದರು. ಅದರ ಎರಡರಷ್ಟಕ್ಕೆ ಒಂದು ಕೂಡಿಸಿದರೆ ಬಂದದ್ದು ಮೂರರಿಂದ ಬಿತ್ತು. ನಾಲ್ಕರಷ್ಟು ಮತ್ತು ಒಂದು, 68093, ಮೂವತ್ತೊಂದು ಚಹಾದವರೆಗೆ ಜಗ್ಗಲಿಲ್ಲ. ಮೂವತ್ತೆರಡನೆಯದರಲ್ಲಿ, 149ರಿಂದ, ಬಿತ್ತು. ಉಸ್ತಾ ಮಾರನೆಯ ದಿನ 102139 ಹಿಡಿದರು. ಅರವತ್ತಮೂರು ಸಾಲು. ಮಾರ್ಚಿನಲ್ಲಿ ಬರುವ ಹೊಸ ವರ್ಷದ ರಜೆಗೆ ಮುಂಚೆ ಮುಗಿಸಿ ನನ್ನ ಮುಂದಿಟ್ಟರು. ಈ ಅರವತ್ತಮೂರನ್ನು ನಾನು ಪ್ರಾಮಾಣಿಕವಾಗಿ ಗುಣಿಸಿದೆ, ಮನೆಗೊಯ್ದು ಎರಡು ದಿನ ಕೂತು ಒಂದೊಂದನ್ನೂ ಗುಣಿಸಿದೆ. ಒಂದೂ ತಪ್ಪಿರಲಿಲ್ಲ. 102139 ಅಪ್ಪಟ ಹಠಮಾರಿ. ಅದರ ತಂದೆಯ ವಿಷಯ ಮಾತ್ರ ವಿಚಾರಿಸಬಾರದು.

ವಸಂತದಲ್ಲಿ ಫರಂಗೀಸ್ ಖಾನುಮ್ ಹೇಳಿ ಕಳಿಸಿದರು. ನಿವೃತ್ತ ಶಿಕ್ಷಕಿ, ಗಣಿತ ಮನೆಯ ತಿಂಗಳ ಕೂಟ ನಡೆಸುವವರು. ಈ ಸಲದ ಕೂಟದಲ್ಲಿ ಉಸ್ತಾ ಬಂದು ಸರಪಳಿಯ ಬಗ್ಗೆ ಮಾತಾಡಬೇಕಂತೆ. ಉಸ್ತಾ ಆಗಲ್ಲ ಅಂದರು, ಐದನೇ ಕ್ಲಾಸಿನವನು ಅಂದರು, ಕೈಯೆಲ್ಲ ಎಣ್ಣೆ ಅಂದರು, ಆಮೇಲೆ ಸೂಟು ಇಸ್ತ್ರಿಗೆ ಕೊಟ್ಟರು. ಮಗಳಿಗೂ ಅಳಿಯನಿಗೂ ಹೇಳಿದರು. ಹಾಜಿ ಸಮದ್ ಗುರುವಾರ ಹನ್ನೊಂದಕ್ಕೇ ಬಿಡುತ್ತೇನೆ ಎಂದರು. ನನಗೆ ಹಾಳೆಗಳನ್ನೆಲ್ಲ ಚೆಂದ ಮಾಡಿ ಪ್ರತಿ ಬರೆಯುವ ಕೆಲಸ ಬಿತ್ತು, ನಕ್ಷೆ ಬರೆಯುವವನ ಅಕ್ಷರ ದುಂಡಗೆ ಎಂದು.

ಮಂಗಳವಾರ 17023ರ ಹಾಳೆ ಕೈಗೆ ಬಂತು. ಇಪ್ಪತ್ತೆಂಟು ಗುರುತು. ಮೊದಲ ಆರಕ್ಕೂ ಉಳಿದವಕ್ಕೂ ವ್ಯತ್ಯಾಸ ನನಗೆ ಕಾಣುತ್ತಿತ್ತು: ಮೊದಲ ಆರು ನೇರವಾಗಿದ್ದವು, ಉಳಿದವು ಬಸ್ಸು ಹಿಡಿಯಲು ಓಡುವವರ ಹಾಗೆ ಮುಂದಕ್ಕೆ ವಾಲಿದ್ದವು. ಪ್ರತಿ ಬರೆಯುವಾಗಲಾದರೂ ಗುಣಿಸಿಬಿಡೋಣ, ಮನಸ್ಸು ಹಗುರಾದೀತು ಎಂದುಕೊಂಡೆ. ಏಳನೆಯ ಸಾಲು, ಇಪ್ಪತ್ತೊಂಬತ್ತರದು. ಭಾಗಲಬ್ಧ 580, ಶೇಷ 23. ಗುಣಿಸಿ ಕೂಡಿಸಿದರೆ 16843 ಬಂತು.

ನನ್ನ ಗುಣಾಕಾರವೇ ತಪ್ಪು ಎಂದುಕೊಂಡೆ. ಸಹಜ. ಇನ್ನೊಮ್ಮೆ ಗುಣಿಸಿದೆ. ಆಮೇಲೆ ಉಸ್ತಾರ ಭಾಗಾಕಾರವನ್ನು ಬೆರಳಿಟ್ಟು ಓದಿದೆ. ಎರಡನೆಯ ಹಂತದಲ್ಲಿ ಇಪ್ಪತ್ತು ಉಳಿದಿದೆ. ನಮ್ಮ ಬರವಣಿಗೆಯಲ್ಲಿ ಸೊನ್ನೆ ಎಂದರೆ ಒಂದು ಚುಕ್ಕಿ. ನಮ್ಮ ಕಾರ್ಖಾನೆಯಲ್ಲಿ ಎರಕದ ಕಬ್ಬಿಣದ ಪುಡಿ ಪ್ರತಿ ಹಾಳೆಯ ಮೇಲೂ ನೂರು ಚುಕ್ಕಿ ಇಡುತ್ತದೆ. ಉಸ್ತಾ ದಿನಾ ಹಾಳೆಯನ್ನು ಅಂಗೈಯಲ್ಲಿ ಸವರಿ ಪುಡಿ ಒರೆಸುತ್ತಾರೆ. ಅವತ್ತು ಪುಡಿಯ ಜೊತೆ ಸೊನ್ನೆಯನ್ನೂ ಒರೆಸಿದ್ದರು. ಇಪ್ಪತ್ತು ಹೋಗಿ ಎರಡಾಯಿತು, ಮುಂದಿನ ಮೂರು ಇಳಿದು ಇನ್ನೂರ ಮೂರಾಗುವ ಬದಲು ಇಪ್ಪತ್ತಮೂರಾಯಿತು. ಇನ್ನೂರ ಮೂರರಲ್ಲಿ ಇಪ್ಪತ್ತೊಂಬತ್ತು ಸರಿಯಾಗಿ ಏಳು ಸಲ ಹೋಗುತ್ತದೆ. ಶೇಷ ಇಲ್ಲ. 17023 ಎಂದರೆ 29 ಸಲ 587. ಅದು ಹಠಮಾರಿಯೇ ಅಲ್ಲ.

ಏಳನೆಯ ಸಾಲು. ನಾನು ಆರನೆಯದಕ್ಕೆ ನಿಲ್ಲಿಸಿದ್ದೆ.

ಆ ಚಳಿಗಾಲದ ನೂರರ ಹತ್ತಿರದ ಚಹಾಗಳು ಕಣ್ಣ ಮುಂದೆ ಬಂದವು. ಮಂಗಳವಾರ ಹೇಳಬೇಕಿತ್ತು. ಉಸ್ತಾ ದೊಡ್ಡ ಚಕ್ರವೊಂದರ ಮೇಲಿದ್ದಾರೆ, ಈಗ ಬೇಡ ಎಂದುಕೊಂಡೆ. ಊಟದ ಹೊತ್ತಿಗೆ ಹೇಳಬೇಕಿತ್ತು, ಅವರು ನನಗೆ ತಮ್ಮ ತಟ್ಟೆಯ ಮಾಂಸದುಂಡೆ ಕುಫ್ತೆಯನ್ನು ಅರ್ಧ ಮಾಡಿ ಹಾಕಿದರು. ಬುಧವಾರ ಸೂಟು ಇಸ್ತ್ರಿಯಿಂದ ಬಂತು. ಯಾವರ್ ಅವರನ್ನು ಸುತ್ತುಹಾಕಿ ನೋಡಿ, “ಉಸ್ತಾ, ಭಾಷಣಕ್ಕೋ ಹೆಣ್ಣು ನೋಡಕ್ಕೋ?” ಅಂದ. “ಹೆಣ್ಣು ನೋಡೋಕಾದ್ರೆ ನಿನ್ನನ್ನ ಕರ್ಕೊಂಡು ಹೋಗ್ತಿದ್ದೆ, ಪಕ್ಕದಲ್ಲಿ ನಿಲ್ಸಿದ್ರೆ ನಾನು ಚೆಂದ ಕಾಣ್ತೀನಿ” ಅಂದರು ಉಸ್ತಾ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಕೂಟದಲ್ಲಿ ಇರುವವರು ಮೂವತ್ತು ಜನ, ಅಲ್ಲೇ ಕೂತು ಯಾರು ಭಾಗಿಸುತ್ತಾರೆ ಎಂದೂ ಒಂದು ಕ್ಷಣ ಯೋಚಿಸಿದೆ. ಒಂದು ಕ್ಷಣವಲ್ಲ, ಆ ದಿನ ಸಂಜೆಯವರೆಗೆ ಯೋಚಿಸಿದೆ.

ಹೇಳಿದ್ದು ಗುರುವಾರ, ಶೇರ್ ಟ್ಯಾಕ್ಸಿಯಲ್ಲಿ, ಹೊರಗಿನವರ ನಡುವೆ. ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಉಸ್ತಾ ಮುಂದಿನ ಸೀಟಿನಲ್ಲಿ, ಹಾಳೆಗಳ ಕವರು ತೊಡೆಯ ಮೇಲೆ. ಹಿಂದೆ ನಾನು, ನನ್ನ ಪಕ್ಕ ಸೊಪ್ಪಿನ ಚೀಲ ಹಿಡಿದ ಒಬ್ಬ ದಪ್ಪ ಹೆಂಗಸು.

“ಉಸ್ತಾ, ಒಂದು ಮಾತಿತ್ತು.”

“ಹೇಳೋ.”

“ಹದಿನೇಳು ಸಾವಿರದ ಇಪ್ಪತ್ತಮೂರು... ಇಪ್ಪತ್ತೊಂಬತ್ತರಿಂದ ಒಡೆಯುತ್ತೆ.”

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. “ಏನು ಒಡೀತಂತೆ?”

“ಮನೆ ಇರಬೇಕು,” ಅಂದಳು ಹೆಂಗಸು. “ಈಗ ಎಲ್ಲ ಕಡೆ ಅದೇ ಆಗೋಯ್ತು. ನೀನು ರಸ್ತೆ ನೋಡಪ್ಪ.”

ಉಸ್ತಾ ಹಿಂದೆ ತಿರುಗದೆ ಕೈ ಚಾಚಿದರು. “ಪೆನ್ಸಿಲ್.”

ಕೊಟ್ಟೆ. ಕವರಿನ ಮೇಲೆಯೇ ಬರೆದರು. ತುಟಿ ಅಲ್ಲಾಡುವುದು ನನಗೆ ಪಕ್ಕದಿಂದ ಕಾಣುತ್ತಿತ್ತು. ಐದು. ಎಂಟು. ಇಪ್ಪತ್ತು ಉಳೀತು. ಇನ್ನೂರ ಮೂರು. ಅಲ್ಲಿಗೆ ತುಟಿ ನಿಂತಿತು. ಟ್ಯಾಕ್ಸಿ ಒಂದು ಸಿಗ್ನಲ್ ದಾಟಿ ಇನ್ನೊಂದರಲ್ಲಿ ನಿಂತಿತು.

“ಯಾವಾಗ ಗೊತ್ತಾಯ್ತು?”

“ಮಂಗಳವಾರ.”

“ಆ ಹಾಳೆ ಮೇಲೆ ನಿನ್ನ ಗುರುತಿತ್ತಲ್ಲ.”

“ಆರು ಸಾಲು ನೋಡಿದ್ದೆ ಉಸ್ತಾ.”

“ಮಿಕ್ಕಿದ್ದು?”

“ಸುಮ್ಮನೆ ಹಾಕ್ದೆ.”

“ಯಾಕೆ?”

ಸುಳ್ಳು ಹೇಳಲು ಅದು ಒಳ್ಳೆಯ ಸಂದರ್ಭ. ತಾಯಿಗೆ ಹುಷಾರಿರಲಿಲ್ಲ ಎನ್ನಬಹುದಿತ್ತು. ಹೊಳೆಯಲಿಲ್ಲ.

“ಪಂದ್ಯ ಇತ್ತು.”

“ಯಾವ ಪಂದ್ಯ?” ಅಂದ ಡ್ರೈವರ್. ಯಾರೂ ಹೇಳದಿದ್ದರೂ ಅವನೇ ಲೆಕ್ಕ ಹಾಕಿದ. “ಶರತ್ಕಾಲದಲ್ಲಿ ಸೋತ್ರಲ್ಲ, ಅದಾ? ಅದಕ್ಕೂ ಹೋಗಿದ್ಯಾ? ಪಾಪ.”

“ಇಲ್ಲೇ ನಿಲ್ಲಿಸಪ್ಪ,” ಅಂದರು ಉಸ್ತಾ. ಗಣಿತ ಮನೆ ಇನ್ನೂ ಅರ್ಧ ಮೈಲಿ ಇತ್ತು. ಇಳಿದು ನಡೆದರು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಒಂದು ಸಲ ಬಾಗಿ ಬೂಟಿನ ಧೂಳು ಒರೆಸಿಕೊಂಡರು. ವಾಪಸು ಹೋಗುತ್ತಾರೆ ಎಂದು ಎರಡು ಸಲ ಅನ್ನಿಸಿತು. ಹೋಗಲಿಲ್ಲ.

ಮೂವತ್ತಲ್ಲ, ನಲವತ್ತು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಸೋಲ್ಮಾಜ್, ಅವಳ ಗಂಡ, ತೊಡೆಯ ಮೇಲೆ ಹಂಚಲು ತಂದ ಕುರಾಬಿಯೆ ಬಿಸ್ಕತ್ತಿನ ಡಬ್ಬಿ. ಫರಂಗೀಸ್ ಖಾನುಮ್ ಉಸ್ತಾರನ್ನು ಪರಿಚಯಿಸಿದರು. ಉಸ್ತಾ ಬೋರ್ಡಿನ ಮೇಲೆ ಎರಡು, ಮೂರು, ಏಳು, ಇಪ್ಪತ್ತೊಂಬತ್ತು, ಐವತ್ತೊಂಬತ್ತು, 709, 2837 ಎಂದು ಬರೆದರು. ಚಕ್ರದಲ್ಲಿ ಹಲ್ಲು ಕೊಯ್ದ ಹಾಗೆ ಒಂದೇ ಅಂತರದಲ್ಲಿ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟರು.

“ಇದರ ಮುಂದೆ ಎರಡು ಕೊಂಡಿ ತೋರಿಸ್ತೀನಿ ಅಂತ ಬಂದಿದ್ದೆ. ಎರಡೂ ಇಲ್ಲ. ಲೆಕ್ಕ ತಪ್ಪಿದೆ. ಒಂದು ಗಂಟೆ ಹಿಂದೆ ಗೊತ್ತಾಯ್ತು. ತಪ್ಪು ಎಲ್ಲಿದೆ ಅಂತ ತೋರಿಸ್ತೀನಿ, ಅದಾದ್ರೂ ನೋಡ್ಕೊಂಡು ಹೋಗಿ.”

ಬೋರ್ಡಿನ ಮೇಲೆ ಭಾಗಾಕಾರ ಮಾಡಿದರು. ಚುಕ್ಕಿ ಇಟ್ಟು, ಅಂಗೈಯಲ್ಲಿ ಒರೆಸಿ ತೋರಿಸಿದರು. ಐದು ತಿಂಗಳು ಅದರ ಮೇಲೆ ಏನು ಕಟ್ಟಿದೆ ಎಂದು ಹೇಳಿದರು. ಇಸ್ತ್ರಿ ಮಾಡಿದ ತೋಳಿನ ಮೇಲೆ ಬಿಳಿ ಪುಡಿ ಬಿತ್ತು. ಸೋಲ್ಮಾಜ್ ಡಬ್ಬಿಯನ್ನು ಕುರ್ಚಿಯ ಕೆಳಗೆ ಸರಿಸಿದಳು.

ಫರಂಗೀಸ್ ಖಾನುಮ್ ಕೇಳಿದರು, ಕುಟುಕಲು ಅಲ್ಲ, ಶಿಕ್ಷಕಿಯ ಅಭ್ಯಾಸದಿಂದ. “ನಿಮ್ಮಲ್ಲಿ ಎರಡನೆ ಕಣ್ಣು ಅಂತ ಇರುತ್ತಲ್ಲ ಉಸ್ತಾ. ಅವತ್ತು ಯಾರೂ ನೋಡಿರಲಿಲ್ವಾ?”

ಉಸ್ತಾ ಬೋರ್ಡು ನೋಡುತ್ತಿದ್ದರು, ನನ್ನನ್ನಲ್ಲ.

“ಕಣ್ಣಿತ್ತು ಖಾನುಮ್. ಕೈ ನನ್ನದು.”

ಅಲ್ಲಿ ನಾನು ಎದ್ದು ನಿಲ್ಲಬೇಕಿತ್ತು. ಮೂರನೆಯ ಸಾಲಿನ ಕೊನೆಯ ಕುರ್ಚಿ, ಎದುರಿಗೆ ಯಾರೂ ಅಡ್ಡವಿಲ್ಲ, ಎರಡೂ ಮೊಣಕಾಲು ಚೆನ್ನಾಗಿವೆ. ನಿಲ್ಲಲಿಲ್ಲ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಇದನ್ನು ಬರೆಯುವಾಗ ಕೈ ನೋಡಿಕೊಂಡೆ, ತಟ್ಟಿದ್ದು ಇದೇ ಕೈ.

ಶನಿವಾರ ಕಾರ್ಖಾನೆಯಲ್ಲಿ ಬೈಗುಳಕ್ಕೆ ಕಾದೆ. ಉಸ್ತಾ ಬಂದರು, ಕೋಟು ತೂಗುಹಾಕಿದರು.

“ಆಯ್ದಿನ್ ಆಗಾ, ಚೆನ್ನಾಗಿದ್ದೀರಾ? ಮನೆಯಲ್ಲಿ ಎಲ್ಲರೂ ಕ್ಷೇಮವಾ? ಆ ಬೀಗದ ಕೈ ದಯವಿಟ್ಟು ಕೊಡ್ತೀರಾ?”

ಎರಡು ವರ್ಷ ನನ್ನನ್ನು ಲೋ ಎಂದವರು, ಬೆನ್ನಿಗೆ ಗುದ್ದಿದವರು. ಈಗ ಆಗಾ, ಅಂದರೆ ಸಾಹೇಬರೇ, ಎಂದು ಅಳಿಯನ ಕಡೆಯ ನೆಂಟನ ಜೊತೆ ಮಾತಾಡುವ ಹಾಗೆ ಮಾತಾಡಿದರು. ಚಹಾ ಬಂದರೆ ಮೊದಲ ಲೋಟ ನನ್ನ ಕಡೆ ತಳ್ಳುವರು, ಬಾಗಿಲಲ್ಲಿ ನಾನೇ ಮುಂದೆ ಹೋಗಬೇಕೆನ್ನುವರು. ಉಪಚಾರದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದುಕೊಂಡಿದ್ದೆನಲ್ಲ, ಅವರ ಮುಂದೆ ನಾನು ಎಳೆ ಮಗು. ಯಾವರ್‌ಗೆ ಎರಡು ದಿನ ಅರ್ಥವಾಗಲಿಲ್ಲ.

“ಏನೋ ಇದು, ಉಸ್ತಾ ನಿನಗೆ ಇಷ್ಟು ಮರ್ಯಾದೆ ಕೊಡ್ತಿದಾರೆ. ಕಾರ್ಖಾನೆ ಕೊಂಡ್ಕೊಂಡ್ಯಾ?”

ಮೂರನೆಯ ದಿನ ಉಸ್ತಾ ತೂತು ಎಣಿಸಲು ಯಾವರ್‌ನನ್ನು ಕರೆದರು. ಅವನು ಎಣಿಸುವಾಗ ಎರಡು ಸಲ ದಾರಿ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದ, ಉಸ್ತಾ ಎರಡು ಸಲವೂ ತಾಳ್ಮೆಯಿಂದ ಕಾದರು. ನನ್ನ ಕುರ್ಚಿ ಅಲ್ಲಿಂದ ನಾಲ್ಕು ಹೆಜ್ಜೆ. ಆಮೇಲೆ ಯಾವರ್ ನನ್ನನ್ನು ಏನೂ ಕೇಳಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ.

ಮುಂದಿನ ತಿಂಗಳ ಕೂಟಕ್ಕೆ ಹೋದೆ. ಯಾರೋ ಒಬ್ಬರು ಮಸೀದಿಯ ಹೆಂಚುಗಳ ಜೋಡಣೆಯ ಬಗ್ಗೆ ಮಾತಾಡಿದರು, ನನಗೆ ಒಂದೂ ಕೇಳಿಸಲಿಲ್ಲ. ಉಸ್ತಾ ಹಿಂದಿನ ಸಾಲಿನಲ್ಲಿ ಕೂತಿದ್ದರು, ಕೆಲಸದ ಅಂಗಿಯಲ್ಲಿ. ಕೊನೆಯಲ್ಲಿ ಪ್ರಶ್ನೆ ಇದೆಯೇ ಎಂದಾಗ ಎದ್ದೆ.

“ನಂದು ಪ್ರಶ್ನೆ ಅಲ್ಲ. ಹೋದ ತಿಂಗಳು ಉಸ್ತಾ ಐವಜ್ ತಪ್ಪು ತಮ್ಮದು ಅಂದ್ರು. ಆ ಹಾಳೆ ನೋಡಿ ಸರಿ ಇದೆ ಅಂತ ಗುರುತು ಹಾಕಿದ್ದು ನಾನು. ನಾನು ನೋಡಿರ್ಲಿಲ್ಲ.”

“ಯಾವ ಹಾಳೆ?” ಅಂದರು ಹೆಂಚಿನವರು. ಹೋದ ತಿಂಗಳು ಅವರು ಬಂದಿರಲಿಲ್ಲ. ಅರ್ಧ ಜನ ಬಂದಿರಲಿಲ್ಲ. ಬಂದಿದ್ದ ಒಬ್ಬ ಅಜ್ಜ, “ಪರವಾಗಿಲ್ಲ ಮಗು, ವಯಸ್ಸು, ಕೂತ್ಕೋ” ಅಂದರು. ಇನ್ನೊಬ್ಬರು, “ಎಷ್ಟು ದೊಡ್ಡ ಮನಸ್ಸು ನೋಡಿ” ಅಂದರು. ತಿಂಗಳಿಡೀ ಹೊತ್ತದ್ದನ್ನು ಅರ್ಧ ನಿಮಿಷದಲ್ಲಿ ಕ್ಷಮಿಸಿ ಚಹಾ ತರಿಸಿದರು.

ಫರಂಗೀಸ್ ಖಾನುಮ್ ಒಬ್ಬರೇ ಸುಮ್ಮನೆ ಬಿಡಲಿಲ್ಲ. ಕನ್ನಡಕ ಇಳಿಸಿ ನೋಡಿದರು.

“ಎಷ್ಟು ಸಾಲು ನೋಡದೆ ಹಾಕಿದ್ದೆ?”

“ಇಪ್ಪತ್ತೆರಡು ಖಾನುಮ್.”

“ಆಮೇಲಾದರೂ ನೋಡಿದೆಯಾ?”

“ಒಂದು ನೋಡಿದೆ. ಅದರಲ್ಲಿ ತಪ್ಪು ಸಿಕ್ತು.”

“ಮಿಕ್ಕ ಇಪ್ಪತ್ತೊಂದು?”

ಇಲ್ಲ ಎಂದು ತಲೆಯಾಡಿಸಿದೆ. ನಿಜವಾಗಿಯೂ ನೋಡಿರಲಿಲ್ಲ. ತಪ್ಪು ಸಿಕ್ಕ ಮೇಲೆ ನಾಚಿಕೆಪಡುವುದರಲ್ಲೇ ಹೊತ್ತು ಹೋಗಿತ್ತು, ಕೆಲಸ ಹಾಗೇ ಉಳಿದಿತ್ತು.

“ಹೂಂ,” ಅಂದರು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದಾಗ ಉಸ್ತಾ ಬಾಗಿಲು ದಾಟುತ್ತಿದ್ದರು.

ಶುಕ್ರವಾರ ಮನೆಯಲ್ಲಿ ಕೂತು ಆ ಇಪ್ಪತ್ತೊಂದನ್ನು ಗುಣಿಸಿದೆ. ಎಲ್ಲ ಸರಿ ಇದ್ದವು. ಶನಿವಾರ ಬೆಳಗ್ಗೆ ಆ ಹಾಳೆಯನ್ನು ಉಸ್ತಾರ ಮೇಜಿನ ಮೇಲಿಟ್ಟೆ. ಹತ್ತು ಗಂಟೆಗೆ ಚಹಾ ಬಂತು. ಉಸ್ತಾ ತಮ್ಮ ಡಬ್ಬಿಯಿಂದ ಇನ್ನೊಂದು ಹಾಳೆ ತೆಗೆದರು. ಮೇಲೆ 22697 ಎಂದು ಬರೆದಿತ್ತು, ಅದು 2837ರ ಹೆಜ್ಜೆಯಲ್ಲಿ ಮುಂದಿನ ಅಭ್ಯರ್ಥಿ. ಚಹಾದ ಹೊತ್ತಲ್ಲದೆ ಮನೆಯಲ್ಲೂ ಕೂತು, ಏಳರಿಂದ 149ರವರೆಗೆ ಮೂವತ್ತೆರಡು ಸಾಲು ಭಾಗಿಸಿ ಮುಗಿಸಿದ್ದರು. ಒಂದರ ಮುಂದೆಯೂ ಗುರುತಿರಲಿಲ್ಲ. ಅದನ್ನು ನಾಲ್ಕಾಗಿ ಮಡಿಸಿ, ಮೊದಲ ಸಾಲು ಮಾತ್ರ ಕಾಣುವ ಹಾಗೆ ನನ್ನ ಮುಂದಿಟ್ಟರು.

“ಏಳರದ್ದು ನೋಡ್ತೀರಾ.”

ಏಳು ಸಲ 3242 ಎಂದರೆ 22694. ಶೇಷ ಮೂರು. ಕೂಡಿಸಿದರೆ 22697. ಎರಡನೆಯ ತರಗತಿಯ ಮಗು ಮಾಡುವ ಲೆಕ್ಕ. ಮೂರು ಸಲ ಮಾಡಿದೆ, ಸೊನ್ನೆ ಎಲ್ಲಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ನಾನು ಮಾಡುವಷ್ಟು ಹೊತ್ತೂ ಉಸ್ತಾ ಎದುರಿಗೆ ಕೂತು ನನ್ನ ಪೆನ್ಸಿಲನ್ನೇ ನೋಡುತ್ತಿದ್ದರು, ಅವರ ಚಹಾ ಆರಿತು. ಗುರುತು ಹಾಕಿದೆ.

ಉಸ್ತಾ ಹಾಳೆ ಎಳೆದುಕೊಂಡು, ಅಂಚಿನಲ್ಲಿ ತಾವೂ ಗುಣಿಸಿದರು. ಕೂಡಿಸಿದರು. ನನ್ನ ಗುರುತಿನ ಪಕ್ಕ ತಮ್ಮದೊಂದು ಗುರುತು ಹಾಕಿ ಮಡಿಸಿಟ್ಟರು.

“ಹನ್ನೊಂದರದ್ದು ನಾಳೆ.”

ಇವತ್ತಿಗೆ ಒಂಬತ್ತು ಸಾಲಾಗಿದೆ. ಈಗಲೂ ನನ್ನನ್ನು ಆಗಾ ಎಂದೇ ಕರೆಯುತ್ತಾರೆ. ಪ್ರತಿ ಸಾಲಿನ ಮುಂದೆ ಎರಡು ಗುರುತಿವೆ: ಒಂದು ನನ್ನದು, ಅದರ ಪಕ್ಕ ಅದನ್ನು ನಂಬದ ಇನ್ನೊಂದು.